ಪೆಟ್ರೋಲ್ ಟ್ಯಾಪಿಗೆ ನೂಲು ಸುತ್ತಿದವಳು

ಎದುರುಮನೆಯವಳ ಗಂಡ ಪೋತ್ತನೂರು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಆದರೆ ಆ ಕೆಲಸ ಕಲಿತದ್ದು ಅವಳು. ಅಳುವ ಮಗುವಾಗಲಿ, ಕಚ್ಚಿಕೊಂಡ ಬೀಗವಾಗಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿ "ಕೊಡಕ್ಕಾ ಇಲ್ಲಿ" ಅನ್ನೋಳು.

ಒಂದು ಸಲ ನಮ್ಮ ಮೋಟಾರ್‌ಸೈಕಲ್ಲಿನ ಟ್ಯಾಂಕಿನಡಿಯ ಟ್ಯಾಪಿನ ತಿರುಪಿನಲ್ಲಿ ಪೆಟ್ರೋಲ್ ಸೋರುತ್ತಿತ್ತು. ನೂಲು ಸುತ್ತೋಕೆ ನೇಯೋಳು ನಾನಿರುವಾಗ ಬೇರೆಯವರು ಯಾಕೆ ಅಂತ ಪೆಟ್ರೋಲ್ ಇಳಿಸಿ, ಟ್ಯಾಪ್ ಬಿಚ್ಚಿ, ತಿರುಪಿಗೆ ಬಿಳಿ ನೂಲು ಸುತ್ತಿದೆ. ರಾಟೆ ತಿರುಗಿಸಿದ ಕೈ, ಅಭ್ಯಾಸದ ಕಡೆಗೇ ಸುತ್ತಿತು. ಬಿಗಿಮಾಡುತ್ತಿದ್ದಂತೆ ನೂಲೆಲ್ಲ ಬಿಚ್ಚಿಕೊಂಡು ಹೊರಗೆ ಬಂತು.

"ಕೊಡಕ್ಕಾ ಇಲ್ಲಿ" ಅಂತ ಬಂದಳು. ಅದೇ ಬಿಳಿ ನೂಲನ್ನು ಎದುರು ದಿಕ್ಕಿಗೆ ಸುತ್ತಿ, ಬಾರ್ ಸೋಪು ತಿಕ್ಕಿ ಬಿಗಿದಳು. ಒಂದು ಹನಿ ಬೀಳಲಿಲ್ಲ.

"ಕೈ ಅಂದ್ರೆ ಇದು, ನೋಡಿ ಕಲಿತ್ಕೋ" ಅಂದರು ನಮ್ಮೋರು. ನಾನು ನೇಯ್ದ ಸೀರೆಗಳನ್ನು ಅದೇ ಗಾಡಿಯಲ್ಲಿ ಹೊತ್ತು ಮಾರುವ ಮನುಷ್ಯ, ನನ್ನ ಕೈಯನ್ನು ಒಂದು ದಿನವೂ ಹೊಗಳಿದವರಲ್ಲ.

ಮಾರನೇ ದಿನ ಅವರು ಸ್ನಾನಕ್ಕೆ ಹೋದಾಗ ಅವಳ ಕೆಲಸ ಬಿಚ್ಚಿಹಾಕಿದೆ. ನನ್ನ ಮಗ್ಗದ ಕೆಂಪು ನೂಲನ್ನು ಅವಳ ಹಾಗೇ ಸುತ್ತಿ, ಸೋಪು ತಿಕ್ಕಿ ಬಿಗಿದೆ. ಸೋರಲಿಲ್ಲ. ಸಂಜೆ ನಮ್ಮೋರು ಇನ್ನೂ ಅವಳನ್ನೇ ಹೊಗಳುತ್ತಿದ್ದರು. ಅಲ್ಲೇ ಇದ್ದ ಅವಳು ಬಗ್ಗಿ, ಟ್ಯಾಪಿನ ಅಂಚಿನಲ್ಲಿ ಕಾಣುವ ಕೆಂಪು ನೋಡಿದಳು.

"ಇದು ಅಕ್ಕನ ಕೆಲಸ ಅಣ್ಣಾ. ನಂದಕ್ಕಿಂತ ಬಿಗಿಯಾಗಿದೆ."

ಅವಳು ಹೇಳಿದ ಮೇಲೇ ನಮ್ಮೋರು ಬಗ್ಗಿ ನೋಡಿದ್ದು.