ಓದದವರಿಗೆ ಇಟ್ಟ ಹೆಸರು

ಮೊನ್ನೆ ಸೊಸೆ ಹಿತ್ತಿಲ ಬಾಗಿಲ ಹತ್ತಿರ ಇರುವೆ ಸಾಲಿಗೆ ಯಾವುದೋ ಪುಡಿ ಉದುರಿಸಿದಳು. ಅದರ ಕಮಟು ವಾಸನೆ ಊಟದ ಮನೆಯವರೆಗೂ ಬಂತು. ಅನ್ನ ಕಲಸಿದ ಕೈ ಹಾಗೇ ಬಿಟ್ಟು ಎದ್ದುಬಿಟ್ಟೆ. "ಎಂತಾಯ್ತು ಮಾವ?" ಅಂದಳು. ಬಹಳ ವರ್ಷದ ಹಿಂದೆ ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ, ಒಂದು ಮನೆಯ ಅಂಗಳದ ತುಂಬ ಇಂಥದೇ ವಾಸನೆಯ ಪುಡಿ ಎರಚಿದ್ದರು. ಆ ಅಂಗಳದಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಕುಕ್ಕರುಗಾಲಿನಲ್ಲಿ ಕೂತಿದ್ದರು.

ಅರವತ್ತರ ದಶಕದ ಮಾತು. ತೀರ್ಥಹಳ್ಳಿ ಕಡೆಯವನಾದ ನಾನು ಸಾಗರದ ಒಂದು ಹೈಸ್ಕೂಲಿಗೆ ಕನ್ನಡ ಪಂಡಿತನಾಗಿ ಹೋಗಿದ್ದೆ. ಆ ವಿಜ್ಞಾನದ ಮೇಷ್ಟ್ರೂ ನಾನೂ ಒಂದೇ ವಠಾರದಲ್ಲಿದ್ದೆವು, ಗೋಡೆಗೆ ಗೋಡೆ. ಮೇಷ್ಟ್ರು ಗೇಣಿ ಗದ್ದೆ ಮಾಡುವ ಮನೆಯಿಂದ ಬಂದವರು. ಅಣ್ಣ ಅಕ್ಷರ ಕೂಡಿಸುವಷ್ಟು ಕಲಿತು ಶಾಲೆ ಬಿಟ್ಟು ನೇಗಿಲು ಹಿಡಿದು, ಈ ತಮ್ಮನನ್ನು ಬಿ.ಎಸ್ಸಿ. ಮಾಡಿಸಿದ್ದ. ಸಂತೆಯ ದಿನ ಆತ ವಠಾರಕ್ಕೆ ಬಂದು ತಮ್ಮನ ಕುರ್ಚಿಯ ಮೇಲೆ ಕೂರದೆ ಹೊಸ್ತಿಲಲ್ಲೇ ಕೂತು, ಅವರು ಓದುವುದನ್ನು ನೋಡುತ್ತಿದ್ದ. ಅಷ್ಟರಿಂದಲೇ ಅವನಿಗೆ ಹೊಟ್ಟೆ ತುಂಬುತ್ತಿತ್ತು.

ಆಗ ನಮ್ಮ ಕಡೆ ಮಂಗನ ಕಾಯಿಲೆಯ ಕಾಲ. ಬೇಸಿಗೆ ಬಂತೆಂದರೆ ಕಾಡಂಚಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ಅದರ ಹಿಂದೆಯೇ ಜನರಿಗೆ ಜ್ವರ ಹತ್ತುತ್ತಿತ್ತು. ಕಾಯಿಲೆಯ ಬುಡ ಹುಡುಕಲು ಬಂದಿದ್ದ ಡಾಕ್ಟರೊಬ್ಬರು ಮೇಷ್ಟ್ರಿಗೆ ಪರಿಚಯವಾಗಿ ಇಂಗ್ಲಿಷಿನ ಸಂಶೋಧನಾ ಪ್ರಬಂಧಗಳನ್ನು ಓದಲು ಕೊಡುತ್ತಿದ್ದರು. ಇವರು ಅದನ್ನು ತಿಂಗಳುಗಟ್ಟಲೆ ಜಗಿದು, ಜನಕ್ಕೆ ತಿಳಿಯುವ ಕನ್ನಡದಲ್ಲಿ ಬರೆದು ಒಂದು ವಾರಪತ್ರಿಕೆಗೆ ಕಳಿಸುತ್ತಿದ್ದರು.

ನಮ್ಮ ಜಗಳವೆಲ್ಲ ತಲೆಬರಹದ ಮೇಲೆ. ಆ ಪ್ರಬಂಧಗಳ ಹೆಸರು ಓದಿ ಮುಗಿಸುವಷ್ಟರಲ್ಲಿ ನನ್ನ ಕಾಫಿ ಆರುತ್ತಿತ್ತು. ಯಾವ ಪ್ರಾಣಿ, ಯಾವ ಕೀಟ, ಯಾವ ತಾಲೂಕು, ಯಾವ ಕಾಲ, ಎಲ್ಲವೂ ಹೆಸರಿನಲ್ಲೇ. ಕೊಂಕಣ ಸುತ್ತಿ ಮೈಲಾರಕ್ಕೆ ಬರುವ ಈ ಗೋಳು ಯಾಕೆ ಮೇಷ್ಟ್ರೆ, ಜನ ಓದಬೇಕಾದರೆ ಹೆಸರು ಕೈ ಹಿಡಿದು ಎಳೆಯಬೇಕು ಎಂದು ನಾನು ಕೆಣಕುತ್ತಿದ್ದೆ.

"ಎಳೀಲಿ, ಬ್ಯಾಡ ಅಂದೋರ್ ಯಾರು ಪಂಡಿತ್ರೆ? ನಿಮ್ಮ ಪತ್ರಿಕೆಯೋರದ್ದು ಹೆಸರು ಕ್ಷೀರಸಾಗರ ಭಟ್ಟ, ಮನೇಲಿ ಮಜ್ಜಿಗೆಗೂ ಗತಿಯಿಲ್ಲ. ಪ್ರಬಂಧದ ಹೆಸರು ನೋಡಿ, ಒಳಗಿರೋದೇ ಹೊರಗೆ. ಒಳಗೆ ಹೋಗ್ದೇ ವಾಪಸ್ ಹೋದೋನೂ ಬರಿಗೈಲಿ ಹೋಗಲ್ಲ."

ಒಳಗೆ ಹೋಗದವರದೇ ಅವರಿಗೆ ಚಿಂತೆ. ಹೋಟೆಲಿನ ಬೆಂಚಿನ ಮೇಲೆ ಒಬ್ಬ ಪತ್ರಿಕೆ ಹಿಡಿದರೆ ಹತ್ತು ಜನ ಕಿವಿ ಕೊಡುತ್ತಾರೆ, ಆ ಒಬ್ಬ ದೊಡ್ಡ ಅಕ್ಷರ ಮಾತ್ರ ಓದಿ ಪುಟ ಮಗುಚುತ್ತಾನೆ ಎನ್ನುತ್ತಿದ್ದರು. ಅವರ ಕಣ್ಣೆದುರು ಇದ್ದದ್ದು ಅಣ್ಣನ ಊರು.

ಆ ವರ್ಷ ಅವರು ಬರೆದ ಲೇಖನಕ್ಕೆ ಇಟ್ಟ ಹೆಸರು ನನಗೆ ಇನ್ನೂ ಬಾಯಿಪಾಠ: "ಸತ್ತ ಮಂಗನನ್ನು ಮುಟ್ಟಬಾರದು, ಅದರ ಮೈಮೇಲಿನ ಉಣುಗುಗಳು ಮನುಷ್ಯನಿಗೆ ಜ್ವರ ಹರಡುವ ಬಗೆ". ಉಣುಗು ಎಂದರೆ ದನದ ಮೈಗೆ ಕಚ್ಚಿಕೊಂಡು ರಕ್ತ ಹೀರುತ್ತದಲ್ಲ, ಆ ಹುಳ. ಮಂಗ ಸತ್ತು ಮೈ ತಣ್ಣಗಾದರೆ ಅವು ಇಳಿದು, ಹತ್ತಿರ ಬಂದವರ ಮೈಗೆ ಹತ್ತುತ್ತವೆ ಎಂದು ಮೂರನೇ ಪ್ಯಾರಾದಲ್ಲಿ ಚೆನ್ನಾಗಿ ಬಿಡಿಸಿ ಹೇಳಿದ್ದರು.

ಪತ್ರಿಕೆ ಬಂತು. ಲೇಖನದ ಒಂದು ಅಕ್ಷರವನ್ನೂ ಸಂಪಾದಕರು ಮುಟ್ಟಿರಲಿಲ್ಲ. ತಲೆಬರಹ ಮಾತ್ರ ಬೇರೆ. ಅರ್ಧ ಪುಟದ ಅಗಲಕ್ಕೆ: "ಸತ್ತ ಮಂಗನ ಸೇಡು!"

ನನಗೆ ಅದು ಹಿಡಿಸಿತು, ಸುಳ್ಳು ಯಾಕೆ ಹೇಳಲಿ. ಕನ್ನಡ ಪಾಠ ಮಾಡುವವನಿಗೆ ಅದು ಈಗಲೂ ಕೆಟ್ಟ ಶೀರ್ಷಿಕೆ ಅನ್ನಿಸುವುದಿಲ್ಲ. ಮೇಷ್ಟ್ರು ಮಾತ್ರ ಕೆಂಡವಾದರು. ಸಂಪಾದಕರಿಗೆ ಬರೆದರು. ನಿಮ್ಮ ಹೆಸರು ಇಟ್ಟಿದ್ದರೆ ಯಾರೂ ಓದುತ್ತಿರಲಿಲ್ಲ, ಈಗ ನೋಡಿ ಎಲ್ಲರ ಬಾಯಲ್ಲೂ ಅದೇ, ಎಂದು ಉತ್ತರ ಬಂತು. ಎಲ್ಲರ ಬಾಯಲ್ಲೂ ಇದ್ದದ್ದು ನಿಜವೇ.

ಕೆಲವು ವಾರ ಕಳೆದು ಒಂದು ಸಂತೆಯ ದಿನ ಅಣ್ಣ ಬಂದ. ಯಾವತ್ತೂ ಇಲ್ಲದ ಗೆಲುವು ಮುಖದಲ್ಲಿ. ಹೊಸ್ತಿಲಲ್ಲಿ ಕೂತು, ಎಲೆಅಡಿಕೆಯ ಕವಳ ಹಾಕಿ, ನನಗೂ ಕೇಳಲಿ ಎಂದು ಗಟ್ಟಿಯಾಗೇ ಶುರು ಮಾಡಿದ. ಅವರ ಕಣದ ಹಿಂದೆ ಒಂದು ಮಂಗ ಸತ್ತು ಬಿದ್ದಿತ್ತಂತೆ. ನಮ್ಮ ಕಡೆ ಮಂಗ ಸತ್ತರೆ ಹನುಮಂತನೆಂದು ಮಣ್ಣು ಮಾಡುವುದು ಇದ್ದದ್ದೇ. ಆದರೆ ಕಾಯಿಲೆಯ ಹೆದರಿಕೆಯಲ್ಲಿ ಊರವರು ಈ ಸಲ ಯಾರೂ ಹತ್ತಿರ ಹೋಗಿರಲಿಲ್ಲ.

"ನಾನೇ ಹೇಳ್ದೆ ತಮ್ಮಾ. ನನ್ ತಮ್ಮ ಪೇಪರ್ನಾಗೆ ದಪ್ಪಕ್ಷರದಾಗೆ ಬರ್ದಾನೆ, ಸತ್ತ ಮಂಗ ಸೇಡು ತೀರಿಸ್ಕಳ್ತದೆ ಅಂತ. ಹಂಗೇ ಬಿಟ್ರೆ ಊರು ಉಳಿಯಲ್ಲ, ಮನಷ್ರಿಗೆ ಮಾಡ್ದಂಗೇ ಎಲ್ಲಾ ಮಾಡ್ಬೇಕು ಅಂದೆ."

ಮೇಷ್ಟ್ರು ಪುಸ್ತಕ ಕೆಳಗಿಟ್ಟು ಎದ್ದರು. "ಅಣ್ಣ, ನೀನು ಮುಟ್ಟಿದ್ಯಾ?"

"ಮುಟ್ದೆ ಹ್ಯಾಂಗೆ? ತೊಡೆ ಮ್ಯಾಲೆ ಮಲಗಿಸ್ಕಂಡು ಮೀಯಿಸ್ದೆ. ಅರಿಶಿನ ಹಚ್ಚಿ, ಹೊಸ ಪಂಚೆ ಹೊದಿಸಿ, ಚಟ್ಟ ಕಟ್ಟಿ ಹೊತ್ವಿ. ಭಜನೆ ಮಾಡ್ಕಂಡೇ ಹೋದ್ವಿ."

ತಮ್ಮ ಹೊಗಳುತ್ತಾನೆಂದು ಕಾದು ಮುಖ ನೋಡಿದ. ಮೇಷ್ಟ್ರು ಅಣ್ಣನ ಅಂಗಿ ಬಿಚ್ಚಿಸಿದರು. ಕಂಕುಳು, ಬೆನ್ನು, ಕಿವಿಯ ಹಿಂದೆ, ಎಲ್ಲ ತಡಕಿದರು. ಅಣ್ಣನಿಗೆ ನಗು. "ಬಿಡಾ, ಕಚಗುಳಿ ಆಗ್ತದೆ" ಎನ್ನುತ್ತಿದ್ದ. ಸೊಂಟದ ಉಡಿದಾರದ ಕೆಳಗೆ ಕೆಂಪಗೆ ಕಚ್ಚಿದ ಗುರುತುಗಳಿದ್ದವು. ಹುಳ ಇರಲಿಲ್ಲ, ತಿಂದು ಉದುರಿಹೋಗಿತ್ತು. ಮೇಷ್ಟ್ರು ಆ ಗುರುತುಗಳನ್ನು ಒಂದೊಂದಾಗಿ ಬೆರಳಿಟ್ಟು ಎಣಿಸಿದರು.

ಜ್ವರ ಹಿಡಿಯಲು ತಡವಾಗಲಿಲ್ಲ. ಕಣ್ಣು ಕೆಂಡದ ಹಾಗೆ ಕೆಂಪಾಯಿತು. ಮೈಕೈ ನೋವಿಗೆ, ಕೋಣ ಹೂಡುತ್ತಿದ್ದ ಆ ಗಟ್ಟಿ ಆಳು ಮಗುವಿನ ಹಾಗೆ ಅತ್ತ. ಸಾಗರದ ಆಸ್ಪತ್ರೆಯಲ್ಲಿ ಕೊನೆಗೆ ಮೂಗು ಬಾಯಲ್ಲಿ ರಕ್ತ ಬಂತು. ಡಾಕ್ಟರು ಮಾಡುವುದು ಏನೂ ಇರಲಿಲ್ಲ, ಆ ಕಾಯಿಲೆಗೆ ಮದ್ದೇ ಇರಲಿಲ್ಲ. ಚಟ್ಟಕ್ಕೆ ಹೆಗಲು ಕೊಟ್ಟ ಇನ್ನೂ ಇಬ್ಬರು ಮಲಗಿದರು. ಅವರು ಬದುಕಿಕೊಂಡರು. ಅಣ್ಣ ಹೋದ.

ಮಣ್ಣು ಮಾಡಿ ಬಂದ ಮೇಲೆ, ಉಣುಗು ಸಾಯಲೆಂದು ಆರೋಗ್ಯ ಇಲಾಖೆಯವರು ಅಂಗಳಕ್ಕೆ ಪುಡಿ ಎರಚಿ ಹೋದರು. ಅತ್ತಿಗೆ ಜಗಲಿಯ ಕಂಬಕ್ಕೆ ಒರಗಿದ್ದಳು. ಅಳು ಮುಗಿದಿತ್ತು. ಗಂಡ ಗೋಡೆಗೆ ಅಂಟಿಸಿಟ್ಟಿದ್ದ ಆ ಪುಟವನ್ನು ಕಿತ್ತು ತಂದು ಮೈದುನನ ಮುಂದೆ ಹಿಡಿದಳು. "ಓದು. ಎಂತ ಬರ್ದೀ ಅಂತ ನಾನೂ ಕೇಳ್ತೀನಿ."

ಅವರು ಓದಿದರು. ಮೂರನೇ ಪ್ಯಾರಾ ಬಂದಾಗಲೂ ನಿಲ್ಲಿಸಲಿಲ್ಲ. ಸತ್ತ ಮಂಗನನ್ನು ಮುಟ್ಟಬಾರದು, ಮೀಯಿಸಬಾರದು, ಹೊರಬಾರದು... ಅತ್ತಿಗೆ ಪೂರ್ತಿ ಕೇಳಿಸಿಕೊಂಡಳು.

"ಇದನ್ನ ಮ್ಯಾಲೆ ದಪ್ಪಕ್ಷರದಾಗೆ ಬರೀಬಾರ್ದಿತ್ತಾ ತಮ್ಮಾ? ಅವ್ರಿಗೆ ಅಷ್ಟೇ ಓದಾಕೆ ಬರ್ತಿತ್ತು, ನಿನಗೆ ಗೊತ್ತಿರ್ಲಿಲ್ವಾ?"

ನಾನು ಬಾಯಿ ತೆರೆದೆ. ಮೇಷ್ಟ್ರು ನನ್ನ ಮೊಣಕೈ ಹಿಡಿದು ಅಮುಕಿದರು. ದಾರಿಯಲ್ಲಿ ಬಸ್ಸಿಗೆ ಕಾಯುವಾಗ, ಯಾಕ್ರೀ ಸುಮ್ಮನಿದ್ದಿರಿ, ಅದು ನೀವಿಟ್ಟ ಹೆಸರಲ್ಲವಲ್ಲ ಎಂದು ರೇಗಿದೆ. "ಕೆಳಗಿರೋದು ನನ್ನ ಹೆಸರೇ ಅಲ್ವಾ ಪಂಡಿತ್ರೆ. ಅಣ್ಣ ನಂಬಿದ್ದು ಆ ಹೆಸರನ್ನ" ಅಂದರು. ತಾವು ಸತ್ತ ಮೇಲೂ ನಾನು ಈ ಮಾತು ಹೇಳಕೂಡದು ಎಂದು ಆಣೆ ಹಾಕಿಸಿಕೊಂಡರು. ಆಮೇಲೆ ಅವರು ಪತ್ರಿಕೆಗೆ ಬರೆಯಲಿಲ್ಲ. ಭಾನುವಾರಗಳಲ್ಲಿ ಸುಣ್ಣದ ಬಕೆಟ್ಟು ಹಿಡಿದು ಹಳ್ಳಿಗಳಿಗೆ ಹೋಗಿ, ಕಂಡ ಗೋಡೆಯ ಮೇಲೆ ಆಳೆತ್ತರದ ಅಕ್ಷರ ಬರೆಯುತ್ತಿದ್ದರು: ಸತ್ತ ಮಂಗನ್ನ ಮುಟ್ಟಬೇಡಿ. ಮಳೆಗಾಲ ಬಂದು ತೊಳೆದರೆ ಮತ್ತೆ ಬರೆಯುತ್ತಿದ್ದರು. ಜನ ಅವರಿಗೆ ಹುಚ್ಚು ಎಂದರು. ರಿಪ್ಪನ್‌ಪೇಟೆ ಕಡೆಗೆ ವರ್ಗವಾಗಿ ಹೋದರು, ಅಲ್ಲೇ ತೀರಿಕೊಂಡರು ಎಂದು ಬಹಳ ತಡವಾಗಿ ಕೇಳಿದೆ.

ಈಗ ಸೊಸೆ ಮೊಬೈಲಿನಲ್ಲಿ ಬಂದ ಸುದ್ದಿ ಓದಿ ಹೇಳುತ್ತಾಳೆ. ಒಳಗೇನಿದೆ ಓದಮ್ಮ ಎಂದರೆ, "ಗೊತ್ತಿಲ್ಲ ಮಾವ, ಹೆಡ್ಡಿಂಗ್ ಅಷ್ಟೇ ನೋಡ್ದೆ" ಎನ್ನುತ್ತಾಳೆ. ನನಗೆ ಸಿಟ್ಟು ಬರುತ್ತದೆ, ಅವಳಿಗೆ ಕಾರಣ ತಿಳಿಯುವುದಿಲ್ಲ.

ಹೋದ ವರ್ಷ ಸಾಗರದಲ್ಲಿ ಒಂದು ಮದುವೆಯಲ್ಲಿ ಅಣ್ಣನ ಮಗ ಸಿಕ್ಕಿದ. ಅವನಿಗೂ ತಲೆ ನರೆತಿದೆ. ಆಣೆ ಮುರಿದೆ. ಅದು ನಿನ್ನ ಚಿಕ್ಕಪ್ಪ ಇಟ್ಟ ಹೆಸರಲ್ಲ ಕಣಪ್ಪ, ಪತ್ರಿಕೆಯವರು ಬದಲಿಸಿದ್ದು ಎಂದು ಎಲ್ಲ ಹೇಳಿದೆ. ಅವನು ಅರ್ಧ ಉಂಡ ಎಲೆ ಮಡಚಿದ.

"ಅವ್ವ ಸಾಯೋತನ್ಕ ಚಿಕ್ಕಪ್ಪನ ಕೈಯಿಂದ ಒಂದ್ ಲೋಟ ನೀರು ಇಸ್ಕಳ್ಲಿಲ್ಲ ಪಂಡಿತ್ರೆ" ಎಂದ.