ತಂಗಡಿ ಹೂವಿನ ಗುರುತು

ದಾರಿಯಲ್ಲಿ ಬಿದ್ದ ಸಗಣಿಗೂ ಒಡೆಯರಿದ್ದ ಕಾಲವದು. ನನಗಾಗ ಹತ್ತೋ ಹನ್ನೊಂದೋ ವರ್ಷ. ಚನ್ನಪಟ್ಟಣಕ್ಕೆ ನಡೆದೇ ಹೋಗಿ ಬರುವಷ್ಟು ಹತ್ತಿರದ ನಮ್ಮೂರಿನಲ್ಲಿ ಕಸದ ಬುಟ್ಟಿ ಎಂಬ ವಸ್ತುವನ್ನೇ ನಾನು ಕಂಡಿರಲಿಲ್ಲ. ಅಕ್ಕಿ ತೊಳೆದ ನೀರು ಹಸುವಿಗೆ, ಬಚ್ಚಲ ನೀರು ಬಾಳೆಗೆ, ಒಲೆಯ ಬೂದಿ ಪಾತ್ರೆಗೆ, ರೇಷ್ಮೆ ಹುಳ ತಿಂದು ಬಿಟ್ಟ ಸೊಪ್ಪಿನ ಕಡ್ಡಿ ಮತ್ತೆ ಹಸುವಿಗೆ. ಪೇಟೆಯಲ್ಲಿ ಬೊಂಬೆ ಕಡೆಯುವ ಸಾಬರ ಮನೆಯಿಂದ ಅಪ್ಪ ಮೂಟೆ ಕಟ್ಟಿ ತರುತ್ತಿದ್ದ ಮರದ ಹೊಟ್ಟು ನೀರೊಲೆಗೆ. ಅದರ ನಡುವೆ ಕೆಂಪು ಹಳದಿ ಅರಗಿನ ಚೂರು ಸಿಕ್ಕರೆ ಅದು ನನಗೆ! ಉಳಿದದ್ದೆಲ್ಲ ತಿಪ್ಪೆಗೆ.

“ತಿನ್ನೋರಿಲ್ದಿರೋ ಕಸ ಅನ್ನೋದೇ ಇಲ್ಲ ಕಣ್ಲಾ. ದನ ಬುಟ್ಟಿದ್ದ ಬಾಳೆ ತಿಂತದೆ, ಬಾಳೆ ಬುಟ್ಟಿದ್ದ ತಿಪ್ಪಮ್ಮ ತಿಂತಾಳೆ” ಎನ್ನುತ್ತಿದ್ದಳು ಅಜ್ಜಿ.

ದೀಪಾವಳಿಗೆ ತಿಪ್ಪೆಯ ನೆತ್ತಿಯ ಮೇಲೆ ದೀಪ ಇಡುವುದು ನಮ್ಮಲ್ಲಿ ರೂಢಿ. ಆ ವರ್ಷ ಅಜ್ಜಿ ನನಗೊಂದು ಆಸೆ ತೋರಿಸಿದಳು. ಹಬ್ಬದ ಹೊತ್ತಿಗೆ ತಿಪ್ಪೆ ಅವಳ ಎದೆಮಟ್ಟಕ್ಕೆ ಬಂದರೆ ದೀಪ ಹಚ್ಚುವವನು ನಾನು. ನಮ್ಮ ಹಸು ಗೌರಿಯೊಂದರ ಸಗಣಿ ಯಾವ ಮೂಲೆಗೆ? ಸಂಜೆ ಊರ ದನ ಮೇವು ಮುಗಿಸಿ ಬರುವ ಹಾದಿಗೆ ಬುಟ್ಟಿ ಹಿಡಿದು ಓಡತೊಡಗಿದೆ.

ಅಲ್ಲಿ ಒಂದು ಕಟ್ಟಳೆಯಿತ್ತು. ಮೊದಲು ಕಂಡವರು ಸಗಣಿಯ ಮೇಲೆ ತಮ್ಮ ಗುರುತು ಇಟ್ಟು ಮುಂದೆ ಓಡಬಹುದು. ಆಮೇಲೆ ಬಂದು ತುಂಬಿಕೊಳ್ಳಬಹುದು. ಗುರುತು ಬಿದ್ದದ್ದನ್ನು ದೊಡ್ಡವರೂ ಮುಟ್ಟುತ್ತಿರಲಿಲ್ಲ. ನನ್ನದು ಬೆಣಚುಕಲ್ಲು. ನನ್ನ ಓರಗೆಯ ಚಿಕ್ಕತಾಯಿಯದು ತಂಗಡಿ ಹೂವು. ಬೇಲಿಸಾಲಿನ ತುಂಬ ಹಳದಿಯಾಗಿ ಅರಳಿರುತ್ತಿದ್ದುದನ್ನು ಮಡಿಲ ತುಂಬ ಕಿತ್ತುಕೊಂಡು ಅವಳು ಜಿಂಕೆಯಂತೆ ಓಡುತ್ತಿದ್ದಳು. ಅವರ ಮನೆಯಲ್ಲಿ ದನವಿರಲಿಲ್ಲ. ಅವಳವ್ವ ಆ ಸಗಣಿಯ ಗೊಬ್ಬರ ಹಾಕಿ ಹಿತ್ತಲಲ್ಲಿ ಬೆಳೆದ ಕುಂಬಳ, ಅವರೆ ಪೇಟೆಗೆ ಹೊತ್ತು ಮಾರಿದರೆ ಒಲೆ ಉರಿಯುತ್ತಿತ್ತು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ಹಬ್ಬಕ್ಕೆ ಎರಡು ದಿನ. ತಿಪ್ಪೆಗೆ ಇನ್ನೂ ಗೇಣುದ್ದ ಸಾಲದು. ಚಿಕ್ಕತಾಯಿ ಮುಂದೆ ಓಡಿ ಹಳ್ಳದ ತಿರುವಿನಲ್ಲಿ ಮರೆಯಾದಳು. ಅವಳು ಗುರುತಿಟ್ಟ ಏಳು ಗುಪ್ಪೆ ದಾರಿಯುದ್ದಕ್ಕೂ ಹೂ ಮುಡಿದು ಕೂತಿದ್ದವು. ಏಳರ ಹೂವನ್ನೂ ಕಿತ್ತೆಸೆದು ನನ್ನ ಕಲ್ಲು ಇಟ್ಟೆ.

“ಲೇ ಪುಟ್ಸಾಮಿ, ನನ್ನ ಹೂವೆಲ್ಲೋ?” ಎಂದಳು ತಿರುಗಿ ಬಂದ ಚಿಕ್ಕತಾಯಿ.

“ನಂಗೇನ್ ಗೊತ್ತು? ಗಾಳಿ ಹೊತ್ಕೊಂಡೋಗಿರ್ಬೇಕು.”

“ಗಾಳಿ ನನ್ ಹೂವ ಹೊತ್ಕೊಂಡೋಗಿ ನಿನ್ ಕಲ್ಲ ತಂದಿಕ್ತಾ?”

“ನಮ್ ಗೌರಿ ಆಣೆ, ನಾನ್ ಮುಟ್ಟಿಲ್ಲ” ಎಂದೆ. ಹಸುವಿನ ಮೇಲೆ ಆಣೆ ಇಟ್ಟ ಮೇಲೆ ಮಾತಿಲ್ಲ. ಅವಳು ಖಾಲಿ ಬುಟ್ಟಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ನಡೆದುಬಿಟ್ಟಳು.

ಮನೆಯಲ್ಲಿ ಬುಟ್ಟಿ ಇಳಿಸಿದೆ. ಅಜ್ಜಿ ಬಗ್ಗಿ ನೋಡಿದಳು. “ಏನ್ಲಾ ಇದು, ಸಗಣಿ ಹೂ ಮುಡ್ಕೊಂಡ್ ಬಂದೈತೆ?” ಕೀಳುವಾಗ ನನ್ನ ಕಣ್ತಪ್ಪಿದ ಹಳದಿ ಹೂವೊಂದು ಅಂಟಿಕೊಂಡೇ ಬಂದಿತ್ತು.

“ದನ ತಿಂದಿತ್ತೇನೋ ಕಣಜ್ಜಿ.”

ಅಜ್ಜಿ ನಕ್ಕ ನಗುವಿಗೆ ಬಾಯಲ್ಲಿದ್ದ ಎಲೆಅಡಿಕೆ ಸೀರೆ ಮೇಲೆ ಬಿತ್ತು. “ತಂಗಡಿಯ ಆಡೂ ಮೂಸಾಕಿಲ್ಲ ಕಣ್ಲಾ! ಹೊಟ್ಟೆ ಒಳಗೋಗಿ ಬಂದ ಹೂವು ಇಂಗೆ ನಿಗನಿಗ ಅಂತದಾ?” ಆಮೇಲೆ ನಗು ನಿಲ್ಲಿಸಿದಳು. “ಚಿಕ್ಕತಾಯಿ ಗುರ್ತಲ್ವಾ ಇದು? ಹೋಗು. ಬುಟ್ಟಿ ಕೊಟ್ಟು ‘ಕದ್ದಿದ್ದೆ’ ಅಂತ ಬಾಯ್ಬುಟ್ಟು ಹೇಳ್ಬಾ. ಹೇಳ್ದೆ ಬಂದ್ಯೋ, ದೀಪ ಹಚ್ಚೋನು ನೀನಲ್ಲ.”

ಹೋದೆ. ಚಿಕ್ಕತಾಯಿಯ ಅವ್ವ ಕುಂಬಳದ ಬಳ್ಳಿಯ ನಡುವಿನಿಂದ ಎದ್ದು, “ಏನ್ ಮಗ?” ಎಂದಳು. ಗಂಟಲಲ್ಲಿದ್ದ ಮಾತು ಬೇರೆಯಾಗಿ ಹೊರಬಂತು. “ಅಜ್ಜಿ ಕೊಟ್ ಕಳಿಸ್ತು.”

“ಅಯ್ ನನ್ನಪ್ಪ! ನಿಮ್ಮಜ್ಜಿ ಹೊಟ್ಟೆ ತಣ್ಣಗಿರ್ಲಿ!” ಎಂದು ಆಕೆ ಇದ್ದುದರಲ್ಲೇ ದೊಡ್ಡ ಕುಂಬಳಕಾಯಿ ಕಿತ್ತು ನನ್ನ ಹೆಗಲ ಮೇಲಿಟ್ಟಳು. ಬಾಗಿಲಲ್ಲಿ ನಿಂತಿದ್ದ ಚಿಕ್ಕತಾಯಿ ಬುಟ್ಟಿಯ ಹೂವನ್ನೂ ನೋಡಿದಳು, ನನ್ನನ್ನೂ ನೋಡಿದಳು. ತಿರುಗಿ ಒಳಗೆ ಹೋದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನಗೆ ಮುಟ್ಟಿ ನೋಡಿಕೊಳ್ಳುವ ಕೆಲಸವೂ ಇರಲಿಲ್ಲ.

“ಹೇಳ್ದೇನ್ಲಾ?” ಎಂದಳು ಅಜ್ಜಿ.

“ಹೇಳ್ದೆ.”

ಹಬ್ಬದ ಸಂಜೆ ದೀಪ ನಾನೇ ಹಚ್ಚಿದೆ. ತಿಪ್ಪೆ ಅಜ್ಜಿಯ ಎದೆಮಟ್ಟಕ್ಕೆ ಬರಲೇ ಇಲ್ಲ; ಅವಳೇ ಒಸಿ ಬಗ್ಗಿ ನಿಂತು “ಬಂತು ಬಂತು” ಎಂದಳು. ಕುಂಬಳಕಾಯಿ ಹುಳಿಗೆ ಎರಡು ಮುದ್ದೆ ನುಂಗಿದೆ. ಸಿಪ್ಪೆ ಗೌರಿಗೆ, ಬೀಜ ಬೂದಿಯಲ್ಲಿ ಉರುಳಿ ಮುಂದಿನ ವರ್ಷಕ್ಕೆ. ಆ ರುಚಿ ಈಗಲೂ ನಾಲಿಗೆಯಲ್ಲಿದೆ, ಹೇಳಲು ನಾಚಿಕೆ.

ದನ ಮೇಯುತ್ತಿದ್ದ ಬಯಲು ಈಚೆಗೆ ಕಾರ್ಖಾನೆಯ ಪಾಲಾಗಿದೆ. ಅಲ್ಲಿಯ ಕೆಲಸಗಾರರಿಗೆಂದು ನಮ್ಮ ತಿಪ್ಪೆಯ ಜಾಗದಲ್ಲಿ ಬಾಡಿಗೆ ಮನೆ ಕಟ್ಟಿಸಿದವನು ನಾನೇ. ಮನೆಯ ಕಸವನ್ನು ಪ್ಲಾಸ್ಟಿಕ್ ಕವರಿಗೆ ತುಂಬಿ ಕೆರೆ ಏರಿಯಿಂದಾಚೆ ಎಸೆದು ಬರುವವನೂ ನಾನೇ. ಸೊಸೆಗೆ ಅದು ಸರಿಬರಲಿಲ್ಲ. ಮೊನ್ನೆ ಹಿತ್ತಲಲ್ಲಿ ತಾನೇ ಗುಂಡಿ ತೋಡಿ, ತರಕಾರಿ ಸಿಪ್ಪೆ ಸುರಿದು, “ಮಾವ, ಎಲ್ಲಿಂದಾದ್ರೂ ಒಂದ್ ಬುಟ್ಟಿ ಸಗಣಿ ತನ್ನಿ” ಎಂದಳು.

ನಮ್ಮ ಬೀದಿಯಲ್ಲಿ ಈಗ ಹಸು ಇರುವುದು ಚಿಕ್ಕತಾಯಿಯ ಮನೆಯಲ್ಲಿ ಮಾತ್ರ. ಊರಲ್ಲೇ ಮದುವೆಯಾಗಿ ಊರಲ್ಲೇ ಮುದುಕಿಯಾದವಳು. ಹೋಗುವಾಗ ಒಂದು ತಂಗಡಿ ಹೂವು ಕಿತ್ತುಕೊಂಡು ಹೋಗಿ ಅವಳ ಮುಂದಿಟ್ಟು ಹೇಳಬೇಕೆಂದು ಹಳೆಯ ದನದ ಹಾದಿಯುದ್ದಕ್ಕೂ ಹುಡುಕಿದೆ. ಕಾರ್ಖಾನೆಯ ಕಾಂಪೌಂಡ್ ಗೋಡೆ ಮುಗಿಯುವವರೆಗೂ ಒಂದು ಗಿಡ ಸಿಗಲಿಲ್ಲ. ಬರಿಗೈಯಲ್ಲೇ ಹೋಗಿ ಹೇಳಿದೆ. “ಅವತ್ತು ಹೂ ಕಿತ್ತೋನು ನಾನೇ ಕಣಮ್ಮ.”

ಅವಳು ಸಗಣಿ ಬಾಚುತ್ತಲೇ ಇದ್ದಳು. “ಇಷ್ಟ್ ವರ್ಸ ಬೇಕಾಯ್ತಾ ಬಾಯ್ಬುಡಾಕೆ? ಹಬ್ಬದ ದಿನ ಬೆಳಿಗ್ಗೇನೇ ನಿಮ್ಮಜ್ಜಿ ಬಂದು, ‘ಹೇಳ್ದಾ? ಹೇಳ್ದೆ ಇದ್ರೆ ದೀಪ ಹಚ್ಚಾಕ್ ಬುಡಾಕಿಲ್ಲ’ ಅಂತು. ‘ಹೇಳ್ದ ಕಣಜ್ಜಿ’ ಅಂದ್ಬುಟ್ಟೆ.”

ಅವಳು ತುಂಬಿದ ಬುಟ್ಟಿಯನ್ನು ನನ್ನ ಕಡೆ ತಳ್ಳಿ ಬಾಯ್ತುಂಬ ನಕ್ಕಳು.

“ಎತ್ಕೊಳಪ್ಪ, ಹೆದ್ರಬ್ಯಾಡ. ಈಗ ಯಾರೂ ಗುರ್ತು ಕೇಳಾಕಿಲ್ಲ.”