ಸೇತುವೆಯಿಂದ ಮೈಲಿಕಲ್ಲಿನವರೆಗೆ

ಸೀಟಿಯಕ್ಕ ಒಂದು ಸಲ ಸೀಟಿ ಊದಿದರೆ ಬಸ್ಸು ನಿಲ್ಲುತ್ತಿತ್ತು, ಹಿಂದೆ ಬರುತ್ತಿದ್ದ ಲಾರಿ ನಿಲ್ಲುತ್ತಿತ್ತು, ಎದುರು ಗುಡ್ಡದ ಮೇಲಿನ ಹದ್ದು ಕೂಡ ರೆಕ್ಕೆ ಬಡಿಯುವುದನ್ನು ಬಿಟ್ಟು ಯಾರು ಇಳಿಯುತ್ತಾರೆ ಎಂದು ಬಗ್ಗಿ ನೋಡುತ್ತಿತ್ತು. ಎರಡು ಸಲ ಊದಿದರೆ ಎಲ್ಲವೂ ಹೊರಡುತ್ತಿದ್ದವು. ಇಪ್ಪತ್ತಾರು ವರ್ಷ ಒಂದೇ ದಾರಿಯಲ್ಲಿ ಕಂಡಕ್ಟರ್ ಆಗಿದ್ದವಳು. ಆ ರಸ್ತೆಯ ಒಂದೊಂದು ಗುಂಡಿಯ ವಯಸ್ಸೂ ಅವಳಿಗೆ ಗೊತ್ತಿತ್ತು. ಚಿಲ್ಲರೆ ಇಲ್ಲ ಎಂದವರ ಜೇಬಿನೊಳಗೆ ಎಷ್ಟು ನಾಣ್ಯ ಇದೆ ಎಂಬುದನ್ನು ಅವರು ನಿಂತ ಭಂಗಿಯಲ್ಲೇ ಹೇಳುತ್ತಿದ್ದಳು.

ಅವಳ ಬಸ್ಸು ಪಟ್ಟಣದಿಂದ ಹೊರಟು ನಾಲ್ಕು ಊರು ದಾಟುತ್ತಿತ್ತು. ಟಿಕೆಟ್ ದುಡ್ಡನ್ನೇ ನಂಬಿದ್ದರೆ ಅದು ಎರಡನೇ ಊರಿನಲ್ಲಿ ಡೀಸೆಲ್ ಮುಗಿದು ನಿಂತು, ಮೈಮೇಲೆ ಹುಲ್ಲು ಬೆಳೆದು, ಅದರೊಳಗೆ ಆಡು ಮರಿ ಹಾಕಿರುತ್ತಿತ್ತು. ಹಾಗಾಗದಂತೆ ನಷ್ಟದ ಅರ್ಧವನ್ನು ಸರ್ಕಾರ ತುಂಬುತ್ತಿತ್ತು, ಇನ್ನರ್ಧವನ್ನು ನಾಲ್ಕು ಊರಿನ ಸಭೆಗಳು ಹಂಚಿಕೊಳ್ಳುತ್ತಿದ್ದವು. ಆ ವರ್ಷ ಮೂರನೇ ಊರು ಕೈ ಎತ್ತಿತು. ನಮ್ಮಲ್ಲಿ ಮನೆಗೊಂದು ಗಾಡಿ ಇದೆ, ಕಂಡವರ ಬಸ್ಸಿಗೆ ನಾವ್ಯಾಕೆ ದುಡ್ಡು ಸುರಿಯಬೇಕು ಎಂದಿತು. ಸರಿ, ದುಡ್ಡು ಕೊಡದ ಊರಿನಲ್ಲಿ ಬಸ್ಸು ನಿಲ್ಲುವಂತಿಲ್ಲ ಎಂದು ಸಾರಿಗೆ ಸಂಸ್ಥೆ ಆದೇಶ ಹೊರಡಿಸಿತು. ಬೇರೆ ರಸ್ತೆ ಇಲ್ಲದ್ದರಿಂದ ಬಸ್ಸು ಊರಿನ ಹೊಟ್ಟೆಯೊಳಗಿಂದಲೇ ಹೋಗಬೇಕಿತ್ತು, ಆದರೆ ಈ ಗಡಿಯ ಸೇತುವೆಯಿಂದ ಆ ಗಡಿಯ ಮೈಲಿಕಲ್ಲಿನವರೆಗೆ, ಮೂರು ಕಿಲೋಮೀಟರ್, ಚಕ್ರ ನಿಲ್ಲುವಂತಿರಲಿಲ್ಲ. ಸಂಸ್ಥೆಯವರು ಬಂದು ನಿಲ್ದಾಣದ ಬೋರ್ಡನ್ನು ಕಿತ್ತುಕೊಂಡು ಹೋದರು. ಕಲ್ಲುಬೆಂಚನ್ನೂ ಎತ್ತಿದರು. ಅಲ್ಲಿದ್ದ ನೆರಳನ್ನೂ ಮಡಚಿ ಲಾರಿಗೆ ಹಾಕಿಕೊಂಡರು ಎಂದು ಊರಿನವರು ಇವತ್ತಿಗೂ ಹೇಳುತ್ತಾರೆ.

ಆ ಕಿತ್ತ ಬೋರ್ಡಿನ ಎದುರಿಗೇ ಸೀಟಿಯಕ್ಕನ ತಂಗಿಯ ಮನೆ.

ತಂಗಿಗೆ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ವಾರಕ್ಕೆ ಮೂರು ದಿನ, ಮಂಗಳವಾರ, ಗುರುವಾರ, ಶನಿವಾರ, ಪಟ್ಟಣದ ಆಸ್ಪತ್ರೆಯ ಮಿಷನ್ನಿಗೆ ಕೈಕೊಟ್ಟು ನಾಲ್ಕು ಗಂಟೆ ಮಲಗಬೇಕು. ಮನೆಗೊಂದು ಗಾಡಿ ಇರುವ ಊರಿನಲ್ಲಿ ಅವಳ ಮನೆಯಲ್ಲಿದ್ದದ್ದು ಹೊಲಿಗೆ ಯಂತ್ರವೊಂದೇ, ಅದು ತುಳಿದರೂ ಎಲ್ಲಿಗೂ ಹೋಗುತ್ತಿರಲಿಲ್ಲ. ಬಸ್ಸು ನಿಲ್ಲುವುದು ತಪ್ಪಿದ ಮೇಲೆ ಅವಳು ಸೇತುವೆಯವರೆಗೆ ಒಂದೂವರೆ ಕಿಲೋಮೀಟರ್ ನಡೆಯತೊಡಗಿದಳು. ಮೊದಲ ತಿಂಗಳು ಅರ್ಧ ಗಂಟೆ ಹಿಡಿಯಿತು. ಮೂರನೇ ತಿಂಗಳಿಗೆ ಒಂದು ಗಂಟೆ. ದಾರಿಯಲ್ಲಿ ನಾಲ್ಕು ಕಡೆ ಕೂರುತ್ತಿದ್ದಳು, ಆಮೇಲೆ ಏಳು ಕಡೆ.

ಸೀಟಿಯಕ್ಕ ತಡೆಯಲಾರದೆ ಎರಡು ದಿನ ಮನೆಯೆದುರು ಸೀಟಿ ಊದಿ ಬಸ್ಸು ನಿಲ್ಲಿಸಿದ್ದಳು. ಎರಡು ಸಲವೂ ನೋಟೀಸು ಬಂತು. ಎರಡನೆಯದರ ಕೊನೆಯಲ್ಲಿ, ಮತ್ತೊಮ್ಮೆ ಹೀಗಾದರೆ ಕೆಲಸದಿಂದ ತೆಗೆಯಲಾಗುವುದು ಎಂಬುದರ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿತ್ತು. ತಂಗಿಯ ಔಷಧಿ ಬರುತ್ತಿದ್ದದ್ದು ಆ ಕೆಲಸದ ಸಂಬಳದಿಂದ. ಹಾಗಾಗಿ ಮೂರನೇ ಸಲ ಊದುವಂತಿರಲಿಲ್ಲ.

ಉಳಿದದ್ದು ಒಂದೇ ದಾರಿ. ಶುಕ್ರವಾರ ನಾಲ್ಕು ಗಂಟೆಗೆ ಊರಿನ ಸಭೆ ಸೇರಿ ಬಸ್ಸಿನ ಪಾಲು ಕೊಡಬೇಕೋ ಬೇಡವೋ ಎಂದು ಕೊನೆಯ ಸಲ ಮತ ಹಾಕುವುದಿತ್ತು. ಅದು ತಪ್ಪಿದರೆ ಮುಂದಿನ ವರ್ಷದವರೆಗೆ ಮಾತಿಲ್ಲ. ಅಧ್ಯಕ್ಷರು ಸೇರಿ ಏಳು ಜನ ಸದಸ್ಯರು. ಅಧ್ಯಕ್ಷರೂ ಇನ್ನಿಬ್ಬರೂ ಕೊಡೋಣ ಎನ್ನುತ್ತಿದ್ದರು, ನಾಲ್ವರು ಬೇಡ ಎನ್ನುತ್ತಿದ್ದರು. ಆ ನಾಲ್ವರ ಮುಂದಾಳು ತಕ್ಕಡಿ ಯಜಮಾನರು. ನಲವತ್ತು ವರ್ಷ ದಿನಸಿ ಅಂಗಡಿ ನಡೆಸಿದವರು. ಸಕ್ಕರೆ ತೂಗುವಾಗ ತಕ್ಕಡಿಯ ಮೇಲೆ ನೊಣ ಕೂತರೆ ನೊಣದ ಭಾರವನ್ನೂ ಗಿರಾಕಿಯ ಲೆಕ್ಕಕ್ಕೆ ಹಾಕುತ್ತಿದ್ದರಂತೆ.

ಆ ಶುಕ್ರವಾರ ಮಧ್ಯಾಹ್ನ ಪಟ್ಟಣದಲ್ಲಿ ಯಜಮಾನರ ಕಾರು ಕೆಟ್ಟಿತು. ಗ್ಯಾರೇಜಿನವನು ನಾಳೆ ಬನ್ನಿ ಎಂದ. ಅವರು ಬೆವರು ಒರೆಸಿಕೊಳ್ಳುತ್ತಾ ಸೀಟಿಯಕ್ಕನ ಬಸ್ಸು ಹತ್ತಿದರು. ಹತ್ತಿ ಎಷ್ಟೋ ವರ್ಷವಾಗಿತ್ತು, ಬಾಗಿಲು ಹಿಂದಿದೆಯೋ ಮುಂದಿದೆಯೋ ಎಂದು ಬಸ್ಸಿಗೆ ಒಂದು ಸುತ್ತು ಬಂದರು.

ಸೀಟಿಯಕ್ಕ ಟಿಕೆಟ್ ಹರಿಯುತ್ತಾ ಅವರ ಹತ್ತಿರ ಬರುವಷ್ಟರಲ್ಲಿ ಬಸ್ಸು ಗುಡ್ಡದ ಸಂದಿಗೆ ಇಳಿದಿತ್ತು.

"ಎಲ್ಲಿಗೆ ಯಜಮಾನ್ರೆ?"

"ಎಲ್ಲಿಗೆ ಅಂದ್ರೆ? ನಮ್ಮೂರಿಗಮ್ಮ."

"ನಿಮ್ಮೂರಿಗೆ ಟಿಕೆಟ್ ಇಲ್ಲ. ಸೇತುವೆಗಿದೆ, ಮೈಲಿಕಲ್ಲಿಗಿದೆ. ಯಾವುದು ಕೊಡ್ಲಿ?"

ಯಜಮಾನರು ಕೈಗಡಿಯಾರ ನೋಡಿಕೊಂಡರು. ಸೇತುವೆಗೆ ಹೋಗುವಾಗ ನಾಲ್ಕಕ್ಕೆ ಹತ್ತು ನಿಮಿಷ ಇರುತ್ತದೆ. ಅವರ ಮಂಡಿಗೆ ಒಂದೂವರೆ ಕಿಲೋಮೀಟರ್ ಎಂದರೆ ಮುಕ್ಕಾಲು ಗಂಟೆ. ಸಭೆಯ ಮೊದಲ ವಿಷಯವೇ ಬಸ್ಸು, ಅಧ್ಯಕ್ಷರು ನಾಲ್ಕು ಹೊಡೆದ ಕೂಡಲೇ ಮತಕ್ಕೆ ಹಾಕುತ್ತಾರೆ. ಇವರಿಲ್ಲದಿದ್ದರೆ ಮೂರಕ್ಕೆ ಮೂರು, ಸಮ ಬಂದರೆ ಅಧ್ಯಕ್ಷರ ಮಾತೇ ಕೊನೆ. ಫೋನು ತೆಗೆದು ಕಿವಿಗೆ ಹಿಡಿದರು. ಆ ಸಂದಿಯಲ್ಲಿ ಸಿಗ್ನಲ್ ಸಿಗಬೇಕಾದರೆ ಬಸ್ಸಿನ ಮೇಲೆ ಏಣಿ ಇಟ್ಟು, ಏಣಿಯ ಮೇಲೆ ಒಂಟೆ ನಿಲ್ಲಿಸಿ, ಒಂಟೆಯ ಮೇಲೆ ನಿಂತು ಮಾತಾಡಬೇಕು.

ಸೀಟಿಯಕ್ಕನಿಗೂ ಈ ಲೆಕ್ಕ ಬಂದಿತ್ತು. ಅವಳು ಏನೂ ಮಾಡಬೇಕಾಗಿರಲಿಲ್ಲ. ನಿಯಮದ ಪ್ರಕಾರ ಸುಮ್ಮನೆ ಸೀಟಿ ಊದದೆ ಇದ್ದರೆ ಸಾಕು, ನಾಳೆಯಿಂದ ತಂಗಿಯ ಮನೆಯೆದುರು ಬಸ್ಸು ನಿಲ್ಲುತ್ತದೆ. ಮೈಲಿಕಲ್ಲಿಗೆ ಒಂದು ಟಿಕೆಟ್ ಹರಿದುಕೊಟ್ಟಳು.

"ಊರೊಳಗೆ ಒಂದು ನಿಮಿಷ ನಿಲ್ಲಿಸಮ್ಮ, ಇಳಿದುಬಿಡ್ತೀನಿ."

"ಆಗಲ್ಲ ಯಜಮಾನ್ರೆ. ನೀವೇ ಬೇಡ ಅಂದ ಸ್ಟಾಪು."

ಬಸ್ಸಿನಲ್ಲಿ ಯಾರೋ ಕೆಮ್ಮಿ ನಗು ನುಂಗಿದರು.

ಎರಡನೇ ಊರಿನಲ್ಲಿ ಚೆಕಿಂಗ್ ಸಾಹೇಬರು ಹತ್ತಿದರು. ಆ ಎರಡು ನೋಟೀಸು ಬರೆದವರು ಇವರೇ, ಮೂರನೆಯದಕ್ಕೆ ಕಾಯುತ್ತಿದ್ದವರೂ ಇವರೇ. ಬಹಳ ಜೋಪಾನದ ಮನುಷ್ಯ. ಹೆಂಡತಿಗೆ ಚೀಟಿ ಬರೆದರೂ ಕೆಳಗೆ ಸಹಿ ಹಾಕದೆ, ಇದು ನಾನು ಬರೆದದ್ದೆಂದು ಸಾಬೀತಾಗಬಾರದು ಎಂದು ಎಡಗೈಯಲ್ಲಿ ಬರೆಯುತ್ತಿದ್ದರಂತೆ. ಅವರು ಮೂರನೇ ಊರಿನಲ್ಲಿ ಮನೆ ಕಟ್ಟಲು ಅನುಮತಿ ಕೇಳಿ ಅರ್ಜಿ ಹಾಕಿದ್ದರು. ಅರ್ಜಿ ಕೂತಿದ್ದದ್ದು ತಕ್ಕಡಿ ಯಜಮಾನರ ಕೈಕೆಳಗೆ.

ಯಜಮಾನರು ಅವರನ್ನು ಪಕ್ಕಕ್ಕೆ ಕೂರಿಸಿಕೊಂಡು ಕಿವಿಯಲ್ಲಿ ಮಾತಾಡಿದರು. ಸಾಹೇಬರು ಎದ್ದು ಬಂದರು.

"ಏನಮ್ಮ, ಹಿರಿಯರು. ಊರೊಳಗೆ ಒಂಚೂರು ನಿಲ್ಲಿಸು."

"ನಿಲ್ಲಿಸಿದ್ರೆ ಮೂರನೇದು ಆಗುತ್ತೆ ಸರ್."

"ನಾನೇ ಹೇಳ್ತಿದೀನಲ್ಲ."

"ಬರೆದುಕೊಡಿ."

"ಬಾಯಲ್ಲಿ ಹೇಳಿದ್ದು ಸಾಲದಾ?"

"ನನಗೆ ನೀವು ಎರಡು ಸಲ ಕೊಟ್ಟಿದ್ದು ಕಾಗದದಲ್ಲೇ ಅಲ್ವಾ ಸರ್. ಬಾಯಲ್ಲಿ ಬೈದಿದ್ರೆ ನಾನೂ ಬಾಯಲ್ಲೇ ಮರೆತುಬಿಡ್ತಿದ್ದೆ."

ಬಸ್ಸು ಸೇತುವೆಯ ಮೇಲೆ ನಿಂತಿತು. ಇಬ್ಬರು ಇಳಿದರು. ಯಜಮಾನರು ಬಾಗಿಲಿನವರೆಗೆ ಬಂದು, ಮುಂದಿನ ಬಿಸಿಲು ರಸ್ತೆಯನ್ನು ನೋಡಿ, ವಾಪಸು ಹೋಗಿ ಕೂತರು. ಸೀಟಿಯಕ್ಕ ಎರಡು ಸಲ ಊದಿದಳು. ಇನ್ನು ಒಂದೂವರೆ ಕಿಲೋಮೀಟರ್.

ಡ್ರೈವರ್ ಮಾತಿನ ಮನುಷ್ಯನಲ್ಲ. ವರ್ಷಕ್ಕೆ ಹನ್ನೊಂದು ಮಾತಾಡುತ್ತಿದ್ದ, ಅದರಲ್ಲಿ ಒಂಬತ್ತು ಎಂಜಿನ್ನಿನ ಜೊತೆ. ಆದರೆ ಅವನ ಕಿವಿ ಚುರುಕಾಗಿತ್ತು. ಯಾವತ್ತೂ ಎತ್ತಿನಗಾಡಿಗೆ ದಾರಿ ಬಿಟ್ಟು ಹಿಂದೆ ಬರುತ್ತಿದ್ದ ಆ ಬಸ್ಸು ಅವತ್ತು ಹಾರಿತು. ಕಿಟಕಿಯ ಗಾಜುಗಳು ಹಲ್ಲು ಕಡಿದವು. ಅದೇ ಬಸ್ಸಿನಲ್ಲಿ ಪಟ್ಟಣದಿಂದ ಬರುತ್ತಾ ಹಿಂದಿನ ಸೀಟಿನಲ್ಲಿ ಕೂತಿದ್ದ ನಾನು ಸೀಟಿಗೆ ತಾಗಿದ್ದಕ್ಕಿಂತ ಚಾವಣಿಗೆ ತಾಗಿದ್ದೇ ಹೆಚ್ಚು.

ಸಾಹೇಬರು ಚೀಲದಿಂದ ಹಾಳೆ ತೆಗೆದರು. ಪೆನ್ನು ಕೆಳಗೆ ಬಿದ್ದು ಉರುಳಿಹೋಯಿತು. ಯಜಮಾನರು ತಮ್ಮ ಪೆನ್ನು ಕೊಟ್ಟರು. "ಬೇಗ, ಬೇಗ," ಎಂದರು. ಸಾಹೇಬರು ಮೊಣಕಾಲಿನ ಮೇಲೆ ಹಾಳೆ ಇಟ್ಟು ಯಜಮಾನರ ಹೆಸರಿನ ಮೊದಲ ಅಕ್ಷರ ಬರೆದು, ಅದನ್ನು ಹೊಡೆದುಹಾಕಿ, ಆ ಹಾಳೆಯನ್ನು ಹರಿದು ಜೇಬಿಗೆ ತುರುಕಿ ಇನ್ನೊಂದು ತೆಗೆದರು. ಶಾಲೆಯ ಗೋಡೆ ಹಿಂದಕ್ಕೋಡಿತು. ನೀರಿನ ತೊಟ್ಟಿ ಹೋಯಿತು. ಸೀಟಿಯಕ್ಕ ಕಿಟಕಿಯಾಚೆ ನೋಡುತ್ತಿದ್ದಳು. ಇನ್ನು ಎರಡು ತಿರುವು. ಸೀಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು, ಉಸಿರು ಕೂಡ ಅದರೊಳಗೆ ಹೋಗದಂತೆ.

ಸಾಹೇಬರು ಬರೆದರು, ಸಹಿ ಹಾಕಿದರು, ಮೊಹರು ಒತ್ತಿ ಹಾಳೆಯನ್ನು ಅವಳ ಮುಖಕ್ಕೆ ಹಿಡಿದರು.

"ತಗೋ. ಇನ್ನೂ ನಿಲ್ಲಿಸದೆ ಹೋದ್ರೆ ಆದೇಶ ಮೀರಿದ್ದಕ್ಕೆ ಬೇರೆ ನೋಟೀಸು."

ಎದುರಿಗೆ ತಂಗಿಯ ಮನೆ ಕಂಡಿತು. ತಂಗಿ ಹೊಸ್ತಿಲಲ್ಲಿ ಕೂತಿದ್ದಳು. ಸೀಟಿಯಕ್ಕನಿಗೆ ಎರಡು ಕ್ಷಣ ಸಿಕ್ಕಿತು. ಊದಿದರೆ ಮತ ಹೋಯಿತು, ಊದದಿದ್ದರೆ ಕೆಲಸ ಹೋಯಿತು.

ಊದಿದಳು. ಹದ್ದು ನೋಡುವಂಥ ಸೀಟಿಯಲ್ಲ, ಯಾರಿಗೂ ಕೇಳಿಸದಿರಲಿ ಎಂಬಂಥದ್ದು. ಡ್ರೈವರ್ ಕನ್ನಡಿಯಲ್ಲಿ ಅವಳನ್ನು ನೋಡಿ, ಬೇಕೋ ಬೇಡವೋ ಎಂಬಂತೆ ಬ್ರೇಕ್ ಒತ್ತಿದ.

ಯಜಮಾನರು ಇಳಿದು, ಮೆಟ್ಟಿಲ ಕೆಳಗೆ ನಿಂತು ಅಂಗಿ ಸರಿಮಾಡಿಕೊಂಡರು. "ನೋಡಮ್ಮ, ದುಡ್ಡು ಕೊಡದೆಯೂ ಬಸ್ಸು ನಿಲ್ಲುತ್ತೆ. ಸಭೆಯಲ್ಲಿ ಇದನ್ನೇ ಹೇಳ್ತೀನಿ," ಎಂದು ಹೋದರು.

ಸಂಜೆ ಆರಕ್ಕೆ ಡಿಪೋದಲ್ಲಿ ತಂಗಿಯ ಫೋನು ಬಂತು. "ಅಕ್ಕಾ, ನಾಲ್ಕಕ್ಕೆ ಮೂರು. ಬಿತ್ತು. ಹೋಗ್ಲಿ ಬಿಡು, ನಡೆದ್ರೆ ಕಾಲಿಗೆ ಒಳ್ಳೇದು ಅಂತ ಡಾಕ್ಟರೇ ಹೇಳ್ತಾರೆ."

"ಯಾವ ಡಾಕ್ಟರು?"

"ಯಾರೋ ಒಬ್ಬರು ಹೇಳಿರ್ತಾರೆ."

ಸೀಟಿಯಕ್ಕನ ಕಣ್ಣು ಕೈಯಲ್ಲಿದ್ದ ಕಾಗದದ ಮೇಲಿತ್ತು. ದಿನದ ವರದಿಗೆ ಲಗತ್ತಿಸಲು ಚೀಲದಿಂದ ಸಾಹೇಬರ ಹಾಳೆ ತೆಗೆದು ಬಿಡಿಸಿದ್ದಳು, ಆಗಲೇ ಅದನ್ನು ಮೊದಲ ಸಲ ಓದಿದ್ದು. 'ಅಗತ್ಯವಿರುವ ಪ್ರಯಾಣಿಕರ ಸಲುವಾಗಿ ಈ ಊರಿನ ಹಳೆಯ ನಿಲ್ದಾಣದಲ್ಲಿ ಬಸ್ಸನ್ನು ನಿಲ್ಲಿಸತಕ್ಕದ್ದು.' ಸಹಿ, ಮೊಹರು. ಯಜಮಾನರ ಹೆಸರಿಲ್ಲ. ತಾರೀಕೂ ಇಲ್ಲ. ಒಬ್ಬರಿಗಾಗಿ, ಒಂದು ದಿನಕ್ಕಾಗಿ ನಿಲ್ಲಿಸಿದ್ದೆಂದು ಯಾರೂ ಬೆರಳು ತೋರಿಸಬಾರದೆಂದು ಸಾಹೇಬರು ಎರಡನ್ನೂ ಜೋಪಾನವಾಗಿ ಬಿಟ್ಟಿದ್ದರು. ಅವಳು ಮೂರು ಸಲ ಓದಿದಳು.

"ನಾಳೆ ಸೇತುವೆಗೆ ನಡೀಬೇಡ," ಎಂದಳು ಫೋನಿನಲ್ಲಿ. "ಬಾಗಿಲಲ್ಲೇ ನಿಂತಿರು."

"ಯಾಕೆ? ಕೆಲಸ ಬಿಟ್ಟು ನನ್ನನ್ನ ಹೊತ್ಕೊಂಡು ಹೋಗ್ತೀಯಾ?"

"ನಿಂತಿರು ಅಂದೆ ಅಷ್ಟೆ."

ಹೇಳಿದ ಮೇಲೆ ಹೆದರಿಕೆ ಹತ್ತಿತು. ಕಾಗದ ನಡೆಯದಿದ್ದರೆ ತಂಗಿ ಬಾಗಿಲಲ್ಲೇ ಉಳಿಯುತ್ತಾಳೆ, ಮಿಷನ್ ತಪ್ಪುತ್ತದೆ. ತಪ್ಪಿದರೆ ಎರಡು ದಿನಕ್ಕೆ ಕಾಲು ಊದುತ್ತದೆ, ಮೂರನೇ ದಿನಕ್ಕೆ ಉಸಿರು ಕಟ್ಟುತ್ತದೆ. ಹಿಂದೆ ಒಮ್ಮೆ ನೋಡಿದ್ದಳು.

ಶನಿವಾರ ಬೆಳಿಗ್ಗೆ ಆರೂವರೆಗೆ ಡಿಪೋ ಗೇಟಿನಲ್ಲಿ ಮ್ಯಾನೇಜರ್ ಬಸ್ಸುಗಳನ್ನು ಕಳಿಸುತ್ತಿದ್ದರು. ಸೀಟಿಯಕ್ಕ ಹಾಳೆ ಕೊಟ್ಟು, "ಇವತ್ತಿಂದ ಇದರ ಪ್ರಕಾರ ನಿಲ್ಲಿಸ್ತೀನಿ ಸರ್," ಎಂದಳು. ಅವರು ಓದಿ, ಕನ್ನಡಕ ಒರೆಸಿ, ಮತ್ತೆ ಓದಿ, ಚೆಕಿಂಗ್ ಸಾಹೇಬರನ್ನು ಕರೆಸಿದರು. ಬಸ್ಸಿನ ಎಂಜಿನ್ ಗುರುಗುಡುತ್ತಾ ನಿಂತಿತ್ತು. ಹೊರಡಲು ನಾಲ್ಕು ನಿಮಿಷ.

"ಇದು ನಿಮ್ಮ ಸಹಿನಾ?"

ಸಾಹೇಬರು ಹಾಳೆ ನೋಡಿದರು. ಅವರ ಹಣೆಯಲ್ಲಿ ಆ ಬೆಳಿಗ್ಗೆ ಹರಿದ ನೀರಿಗೆ ಒಂದು ಎಕರೆ ಭತ್ತ ಬೆಳೆಯಬಹುದಿತ್ತು.

"ನನ್ನದೇ ಸರ್. ಆದ್ರೆ ಅದು ಆವತ್ತಿನ ಮಟ್ಟಿಗೆ..."

"ಯಾವತ್ತಿನ ಮಟ್ಟಿಗೆ? ತಾರೀಕಿಲ್ಲ. ಯಾರೋ ಒಬ್ಬರಿಗೋಸ್ಕರ ನಿಲ್ಲಿಸಿದ್ರಾ? ದುಡ್ಡು ಕೊಡದ ಊರಲ್ಲಿ?"

ಸಾಹೇಬರು ಸೀಟಿಯಕ್ಕನ ಕಡೆ ನೋಡಿದರು. ಅವಳು ಟಿಕೆಟ್ ಚೀಲದ ಪಟ್ಟಿ ಬಿಗಿ ಮಾಡಿಕೊಂಡಳು. ಡ್ರೈವರ್ ಸ್ಟೇರಿಂಗಿನ ಮೇಲೆ ಕೈಯಿಟ್ಟು ಮುಂದೆ ನೋಡುತ್ತಿದ್ದ. ಯಜಮಾನರ ಹೆಸರು ಹೇಳಿದರೆ ಮುಂದಿನ ಪ್ರಶ್ನೆ ಯಾಕೆ ಎಂದು ಬರುತ್ತದೆ, ಅದರ ಮುಂದಿನದು ಮನೆಯ ಅರ್ಜಿಗೆ ಹೋಗಿ ಮುಟ್ಟುತ್ತದೆ. ಬಸ್ಸಿನ ಹೊಗೆ ಮೂವರನ್ನೂ ಸುತ್ತಿಕೊಂಡಿತು.

"ಒಬ್ಬರಿಗೆ ಅಂತಲ್ಲ ಸರ್," ಎಂದರು ಕೊನೆಗೆ, ಮೆಲ್ಲಗೆ. "ಅಗತ್ಯ ಇರೋ ಎಲ್ಲರಿಗೂ."

"ಹಾಗಾದ್ರೆ ಆದೇಶ ಆದೇಶವೇ. ರದ್ದು ಮಾಡೋದು ನನ್ನ ಕೈಲಿಲ್ಲ, ಸಂಸ್ಥೆಯ ಸಮಿತಿ ಕೂತು ಮಾಡ್ಬೇಕು. ಅದು ಕೂರೋದು ಇನ್ನು ಆರು ತಿಂಗಳಿಗೆ. ಅಲ್ಲೀವರೆಗೆ ಹತ್ತೋರ ಅಗತ್ಯ ಏನು ಅಂತ ಬರ್ಕೋಬೇಕು ಕಂಡಕ್ಟ್ರೇ. ಉಳಿದ ಮೂರು ಊರಿನೋರು ನಾವ್ಯಾಕೆ ಕೊಡ್ಬೇಕು ಅಂತ ಬಂದ್ರೆ ನಾನು ತೋರಿಸೋದು ಅದನ್ನೇ. ಹೊರಡಿ, ಹೊತ್ತಾಯ್ತು."

ಆ ವಾರದಿಂದ ಮೂರನೇ ಊರಿನಲ್ಲಿ ಹರಡಿದ ರೋಗಗಳ ಬಗ್ಗೆ ಒಂದು ಗ್ರಂಥವನ್ನೇ ಬರೆಯಬಹುದು. ಮನೆಗೊಂದು ಗಾಡಿಯಿದ್ದ ಊರಿನಲ್ಲಿ ಮನೆಗೊಬ್ಬರು ಕುಂಟತೊಡಗಿದರು. ಒಬ್ಬನಂತೂ ಹತ್ತುವಾಗ ಎಡಗಾಲು, ಇಳಿಯುವಾಗ ಬಲಗಾಲು ಕುಂಟಿದ. ಪಕ್ಕದ ಊರುಗಳು ಗೊಣಗಲು ಶುರುಮಾಡಿದವು. ಅದೆಲ್ಲ ಆಮೇಲಿನ ಮಾತು.

ಆ ಶನಿವಾರ ಬಸ್ಸು ಕೊನೆಯ ಊರಿಗೆ ಹೋಗಿ ತಿರುಗಿ ಬರುವಾಗ ಎಂಟು ಗಂಟೆ. ಮೈಲಿಕಲ್ಲು ದಾಟಿತು. ತಂಗಿ ಬಾಗಿಲಲ್ಲಿರಲಿಲ್ಲ. ಅಕ್ಕನ ಮಾತು ನಂಬದೆ ಸೇತುವೆಗೆ ನಡೆದುಬಿಟ್ಟಳೇ, ದಾರಿಯಲ್ಲಿ ಎಲ್ಲಾದರೂ ಬಿದ್ದಳೇ ಎಂದು ಸೀಟಿಯಕ್ಕ ಮೆಟ್ಟಿಲಿನಿಂದ ಹೊರಗೆ ಬಾಗಿ ರಸ್ತೆಯುದ್ದಕ್ಕೂ ನೋಡಿದಳು. ಆದರೂ ಊದಿದಳು.

ಬಸ್ಸು ನಿಂತಿತು. ಮನೆಯ ಬಾಗಿಲು ತೆರೆಯಿತು. ತಂಗಿ ಹೆಗಲಿಗೆ ಶಾಲು ಹಾಕಿಕೊಂಡು, ನಿಧಾನವಾಗಿ ಬೀಗ ಹಾಕಿ, ಬೀಗವನ್ನು ಎಳೆದು ನೋಡಿ, ಹನ್ನೆರಡು ಹೆಜ್ಜೆ ನಡೆದು ಬಂದಳು.

"ಬಾಗಿಲಲ್ಲಿ ನಿಂತಿರು ಅಂದಿದ್ದೆ."

"ನಿಂತು ಸಾಕಾಗಿ ಕೂತಿದ್ದೆ. ನಿನ್ನ ಸೀಟಿ ಕೇಳಿಸಲ್ವಾ ನಂಗೆ?"

"ಅಗತ್ಯ ಏನು?"

"ಏನೇ ಅಕ್ಕ, ನಂಗೇ ಕೇಳ್ತೀಯಾ?"

"ಬರೀಬೇಕು. ಹೇಳು."

"ಮಿಷನ್ನು ಅಂತ ಬರ್ಕೋ," ಎಂದು ತಂಗಿ ಮೆಟ್ಟಿಲಿಗೆ ಕಾಲಿಟ್ಟು ಕಂಬ ಹಿಡಿದಳು. ಸೀಟಿಯಕ್ಕ ಅವಳ ರಟ್ಟೆ ಹಿಡಿದು ಮೇಲೆಳೆದುಕೊಂಡು, ಪುಸ್ತಕದಲ್ಲಿ ಬರೆದಳು. ಆರು ತಿಂಗಳಿಗೆ ಎಪ್ಪತ್ತೆಂಟು ಸಲ ಮಿಷನ್. ಇದು ಒಂದನೆಯದು.